ಬೋಟಿನ ಎಂಜಿನ್ ಜಾಮ್ ಆಗಿದೆಯಾ? ಇಳಿಸುವ ಮೊದಲು ಇಷ್ಟು ನೋಡಿ

ಎರಡು ವರ್ಷದ ಹಿಂದಿನ ಮಾತು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿಯಲು ನಾಲ್ಕೇ ದಿನ ಇತ್ತು. ತದಡಿ ಹೊಳೆಯಲ್ಲಿ ಕಟ್ಟಿಟ್ಟಿದ್ದ ನಮ್ಮ ಸಣ್ಣ ಬೋಟಿಗೆ ಸೆಲ್ಫ್ ಹೊಡೆದೆ. 'ಟಕ್' ಅಂತು, ಅಷ್ಟೇ. ಮತ್ತೆ ಹೊಡೆದರೆ ಮತ್ತೆ 'ಟಕ್'. ಹ್ಯಾಂಡಲ್ ಹಾಕಿ ನೋಡಿದರೆ ಕಲ್ಲಿನ ಹಾಗೆ ನಿಂತಿದೆ. ಎಂಜಿನ್ ಸೀಜ್ ಆಯಿತು ಅಂತ ನಾನೇ ತೀರ್ಪು ಕೊಟ್ಟು, ಭಾವನನ್ನು ಕರೆದು ಬಿಚ್ಚಲು ಶುರು ಮಾಡಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಸೈಲೆನ್ಸರ್ ಪೈಪ್, ನೀರಿನ ಹೋಸ್, ಫ್ಯಾನ್ (ಪ್ರೊಪೆಲ್ಲರ್) ಶಾಫ್ಟನ್ನು ಗೇರ್‌ಬಾಕ್ಸಿಗೆ ಜೋಡಿಸುವ ಕಪ್ಲಿಂಗ್ ಎಲ್ಲ ಬಿಡಿಸಿ ಆಗಿತ್ತು. ಕಾಲಿನ ನಾಲ್ಕು ಬೋಲ್ಟಿನಲ್ಲಿ ಮೂರು ಹೊರಗೆ.

ಸಂಜೆ ಮೇಸ್ತ್ರಿ ಬಂದರು. ಏನೂ ಮಾತಾಡದೆ ಫ್ಲೈವೀಲಿಗೆ ಬಾರ್ ಕೊಟ್ಟು ಒತ್ತಿದರು. ಎಂಜಿನ್ ಸಲೀಸಾಗಿ ತಿರುಗಿತು.

"ಕಪ್ಲಿಂಗ್ ಬಿಚ್ಚಿದ್ ಮೇಲೆ ಒಂದ್ಸಲ ತಿರುಗ್ಸಿ ನೋಡಿದ್ಯಾ ತಮಾ?"

ನೋಡಿರಲಿಲ್ಲ.

ಎಂಜಿನ್‌ಗೆ ಏನೂ ಆಗಿರಲೇ ಇಲ್ಲ. ಫ್ಯಾನಿಗೆ ಹಳೇ ನೈಲಾನ್ ಬಲೆ ಸುತ್ತಿ ಬಿಗಿದಿತ್ತು. ಗೇರ್ ಲಿವರ್ ನ್ಯೂಟ್ರಲ್‌ನಲ್ಲಿ ಇತ್ತು, ಆದರೆ ಕೇಬಲ್ ತುಕ್ಕು ಹಿಡಿದು ಒಳಗಿನ ಗೇರ್ ಬಿಟ್ಟಿರಲಿಲ್ಲ. ಅರ್ಧ ದಿನದಲ್ಲಿ ಬಿಚ್ಚಿದ್ದನ್ನು ಮತ್ತೆ ಸಾಲಿಗೆ ಕೂರಿಸಲು ನಾಲ್ಕು ದಿನ ಹಿಡಿಯಿತು. ಕಾರಣ, ಎಂಜಿನ್ ಕಾಲಡಿಯಲ್ಲಿ ಎತ್ತರ ಹೊಂದಿಸಲು ಇಟ್ಟ ತಗಡುಗಳನ್ನೆಲ್ಲ ನಾನು ಒಂದೇ ಡಬ್ಬಕ್ಕೆ ಸುರಿದಿದ್ದೆ.

ಎಂಜಿನ್ ಇಳಿಸಬೇಕಾ, ಇಳಿಸುವುದಾದರೆ ನಾವೇ ಇಳಿಸಬಹುದಾ ಅನ್ನೋದು ಎಂಜಿನ್ ಹೇಗೆ ಜಾಮ್ ಆಗಿದೆ ಅನ್ನೋದರ ಮೇಲೆ ನಿಂತಿದೆ. ಅದನ್ನು ಪತ್ತೆ ಮಾಡಲು ಬೇಕಾಗುವುದು ಎರಡು ಪಾನ, ಒಂದು ಬಾರ್, ಒಂದು ಟಾರ್ಚ್. ಕೆಳಗೆ ಬರೆದಿರುವುದು ಒಳಗೆ ಕೂರುವ ಡೀಸೆಲ್ ಎಂಜಿನ್ ಬಗ್ಗೆ. ಔಟ್‌ಬೋರ್ಡ್‌ಗೆ (ದೋಣಿಯ ಹಿಂಭಾಗಕ್ಕೆ ಹೊರಗೆ ಸಿಕ್ಕಿಸುವ ಎಂಜಿನ್) ನಡುವೆ ಒಂದು ತುಂಡು ಇದೆ.

ಕೈ ಹಾಕುವ ಮೊದಲು ಒಂದು ಮಾತು. ಎಂಜಿನ್ ಕೋಣೆಯ ಮುಚ್ಚಳ ತೆಗೆದು ಗಾಳಿಯಾಡಲು ಬಿಡಿ. ಕೈಯಿಂದ ತಿರುಗಿಸುವ ಯಾವ ಕೆಲಸಕ್ಕೂ ಮುನ್ನ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಡಿ. ಬಾರ್ ಫ್ಲೈವೀಲ್ ಹಲ್ಲಿನಲ್ಲಿ ಇದ್ದಾಗ ಯಾರಾದರೂ ತಿಳಿಯದೆ ಸೆಲ್ಫ್ ಒತ್ತಿದರೆ ಬೆರಳು ಉಳಿಯುವುದಿಲ್ಲ.

ಸೆಲ್ಫ್ ಹೊಡೆದರೆ 'ಟಕ್' ಅಂತ ಮಾತ್ರ ಸದ್ದು

ಹತ್ತರಲ್ಲಿ ಜಾಸ್ತಿ ಸಲ ಇದು ಬ್ಯಾಟರಿ ಅಥವಾ ತಂತಿಯ ಕತೆ. ಎರಡು ತಿಂಗಳು ಉಪ್ಪುಗಾಳಿ, ಮಳೆ. ಟರ್ಮಿನಲ್ ಮೇಲೆ ಹಸಿರು-ಬಿಳಿ ಪುಡಿ ಕೂತಿರುತ್ತದೆ. ಬಿಚ್ಚಿ, ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ. ಎಂಜಿನ್ ಮೈಗೆ ಬರುವ ಅರ್ಥ್ ತಂತಿಯ ತುದಿಯನ್ನು ಎಲ್ಲರೂ ಮರೆಯುತ್ತಾರೆ, ಅದನ್ನೂ ಉಜ್ಜಿ. ತುಂಬಿದ 12 ವೋಲ್ಟ್ ಬ್ಯಾಟರಿ ಸುಮ್ನೆ ಇದ್ದಾಗ 12.6 ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ.

ಮೀಟರ್ ಇಲ್ಲವಾ? ಒಂದು ಬಲ್ಬ್ ಉರಿಸಿಟ್ಟು ಸೆಲ್ಫ್ ಒತ್ತಿ. ಬಲ್ಬ್ ಮೊದಲಿನಷ್ಟೇ ಬೆಳಕು ಕೊಟ್ಟರೆ ಕರೆಂಟ್ ಸೆಲ್ಫ್ ಮೋಟರ್‌ವರೆಗೆ ಹೋಗುತ್ತಿಲ್ಲ. ದೋಷ ಸ್ವಿಚ್, ಸೊಲೆನಾಯ್ಡ್ ಅಥವಾ ತಂತಿಯಲ್ಲಿ. ಬಲ್ಬ್ ಪೂರ್ತಿ ಮಂಕಾದರೆ ಬ್ಯಾಟರಿ ಸೋತಿದೆ, ಇಲ್ಲವೇ ಮೋಟರ್ ತಿರುಗಿಸಲು ಒದ್ದಾಡಿ ಆಗದೆ ನಿಂತಿದೆ. ಚೆನ್ನಾಗಿರುವ ಬೇರೆ ಬ್ಯಾಟರಿ ತಂದು ನೋಡಿ. ಆಗಲೂ ಮಂಕಾದರೆ ಸೆಲ್ಫ್ ಮೋಟರನ್ನೇ ಬಿಚ್ಚಿ ಹೊರಗೆ ತೆಗೆಯಿರಿ, ಎರಡು ಮೂರು ಬೋಲ್ಟಿನ ಕೆಲಸ. ಅದರ ಹಲ್ಲು ಫ್ಲೈವೀಲ್ ಹಲ್ಲಿಗೆ ಕಚ್ಚಿಕೊಂಡು ನಿಂತಿದ್ದರೂ ಎಂಜಿನ್ ಜಾಮ್ ಆದ ಹಾಗೇ ಕಾಣುತ್ತದೆ.

ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ. ಮೋಟರ್ ಸುಡುತ್ತದೆ ಅನ್ನೋದು ಒಂದು. ಸೈಲೆನ್ಸರ್‌ಗೆ ಸಮುದ್ರದ ನೀರು ಹಾಯುವ ಎಂಜಿನ್ ಆಗಿದ್ದರೆ ಇನ್ನೊಂದು ಅಪಾಯ ಇದೆ. ಎಂಜಿನ್ ಸ್ಟಾರ್ಟ್ ಆಗದೆ ಬರೀ ತಿರುಗುತ್ತಿದ್ದರೆ ಪಂಪು ನೀರು ತಳ್ಳುತ್ತಲೇ ಇರುತ್ತದೆ, ಹೊರಗೆ ದಬ್ಬುವ ಹೊಗೆ ಇರುವುದಿಲ್ಲ. ಆ ನೀರು ತುಂಬಿ ಸಿಲಿಂಡರ್‌ಗೇ ಹಿಂತಿರುಗುತ್ತದೆ. ಪದೇ ಪದೇ ಹೊಡೆಯುವುದಿದ್ದರೆ ನೀರು ಬರುವ ವಾಲ್ವ್ ಮುಚ್ಚಿಡಿ, ಸ್ಟಾರ್ಟ್ ಆದ ಕ್ಷಣ ತೆರೆಯಿರಿ.

ಕೈಯಿಂದ ತಿರುಗಿಸಿದರೂ ಕೂದಲೆಳೆಯಷ್ಟೂ ಅಲ್ಲಾಡುತ್ತಿಲ್ಲ

ನನ್ನ ಕತೆ ಇದೇ. ಎಂಜಿನ್ ಒಳಗೆ ನೋಡುವ ಮೊದಲು ಅದಕ್ಕೆ ತಗುಲಿಕೊಂಡಿರುವ ಒಂದೊಂದನ್ನೇ ಬಿಡಿಸಿ, ಪ್ರತಿ ಸಲವೂ ತಿರುಗಿಸಿ ನೋಡಬೇಕು. ಪ್ರತಿ ಸಲ, ನೆನಪಿಡಿ.

ಮೊದಲು ಗೇರ್. ಲಿವರ್ ಎಲ್ಲಿದೆ ಅಂತ ನೋಡಬೇಡಿ. ಗೇರ್‌ಬಾಕ್ಸ್ ಹತ್ತಿರ ಕೂತು ಅಲ್ಲಿನ ತೋಳನ್ನೇ ಕೈಯಿಂದ ನ್ಯೂಟ್ರಲ್‌ಗೆ ತನ್ನಿ. ಆಮೇಲೆ ಶಾಫ್ಟ್ ಹಿಡಿದು ತಿರುಗಿಸಿ. ಶಾಫ್ಟೇ ತಿರುಗದಿದ್ದರೆ ಫ್ಯಾನಿಗೆ ಬಲೆಯೋ ಹಗ್ಗವೋ ಸುತ್ತಿದೆ, ಇಲ್ಲವೇ ಇಳಿತದಲ್ಲಿ ಫ್ಯಾನ್ ಕೆಸರಿನಲ್ಲಿ ಹೂತಿದೆ. ಇಳಿತಕ್ಕೆ ಕಾದು ಟಾರ್ಚ್ ಬಿಟ್ಟು ನೋಡಿ. ಬಲೆ ಬಿಸಿಯಾಗಿ ಕರಗಿ ಗಟ್ಟಿ ಪ್ಲಾಸ್ಟಿಕ್ ಆಗಿದ್ದರೆ ಹಳೇ ಗರಗಸದ ಬ್ಲೇಡಿನಿಂದ ಕುಯ್ಯಬೇಕಾಗುತ್ತದೆ, ಚಾಕು ಸಾಲದು. ಫ್ಯಾನ್ ಹತ್ತಿರ ಯಾರಾದರೂ ಇರುವಾಗ ಬೀಗದ ಕೈ ಅವರ ಜೇಬಿನಲ್ಲೇ ಇರಲಿ.

ಗೇರ್ ಬಿಟ್ಟರೂ ತಿರುಗುತ್ತಿಲ್ಲ ಅಂದರೆ ಬೆಲ್ಟುಗಳನ್ನು ತೆಗೆದು ಆಲ್ಟರ್ನೇಟರ್, ಪಂಪಿನ ಪುಲ್ಲಿಗಳನ್ನು ಬೇರೆ ಬೇರೆಯಾಗಿ ತಿರುಗಿಸಿ. ಸಮುದ್ರದ ನೀರಿನ ಪಂಪು ಬೆಲ್ಟ್ ಇಲ್ಲದೆ ಎಂಜಿನ್ ಗೇರಿನಿಂದಲೇ ಓಡುವಂಥದ್ದಾದರೆ, ಅದರ ಬೇರಿಂಗ್ ತುಕ್ಕು ಹಿಡಿದರೂ ಇಡೀ ಎಂಜಿನ್ ನಿಲ್ಲಬಹುದು. ಕೊನೆಗೆ ಕಪ್ಲಿಂಗ್ ಬಿಡಿಸಿ.

ತಿರುಗಿಸುವುದು ಎಂಜಿನ್ ಓಡುವ ದಿಕ್ಕಿಗೇ ಇರಲಿ. ಉಲ್ಟಾ ಒತ್ತಿದರೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ಸಡಿಲವಾಗಬಹುದು. ಅರ್ಧ ಮೀಟರ್ ಹ್ಯಾಂಡಲ್, ಒಬ್ಬ ಮನುಷ್ಯನ ತೋಳಿನ ಬಲ. ಅದಕ್ಕೆ ಉದ್ದ ಪೈಪ್ ಸಿಗಿಸಿ ಇಬ್ಬರು ಜೋತು ಬೀಳುವುದನ್ನು ಬಂದರಿನಲ್ಲಿ ನೋಡಿದ್ದೇನೆ. ಬೋಲ್ಟ್ ತುಂಡಾದರೆ ಸಣ್ಣ ಕೆಲಸ ದೊಡ್ಡದಾಯಿತು ಅಂತಲೇ ಲೆಕ್ಕ.

ಅರ್ಧ ಸುತ್ತು ತಿರುಗಿ ಗಕ್ಕನೆ ನಿಲ್ಲುತ್ತದೆ

ಇಲ್ಲಿ ತಕ್ಷಣ ಕೈ ಬಿಡಿ. ಸಿಲಿಂಡರ್ ಒಳಗೆ ನೀರಿದೆ. ಗಾಳಿಯನ್ನು ಪಿಸ್ಟನ್ ಒತ್ತಿ ಕುಗ್ಗಿಸಬಹುದು, ನೀರನ್ನು ಆಗುವುದಿಲ್ಲ. ಇನ್ನೊಂದು ಸಲ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಲ್ಲಿಯವರೆಗೆ ಎಂಜಿನ್‌ಗೆ ದೊಡ್ಡ ಪೆಟ್ಟು ಬಿದ್ದಿರುವುದಿಲ್ಲ, ಆಮೇಲೆ ಬೀಳುತ್ತದೆ.

ನಾಜಲ್‌ಗಳನ್ನೆಲ್ಲ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್) ಬಿಚ್ಚಿ. ತೂತಿನ ಮೇಲೆ ಹಳೇ ಬಟ್ಟೆ ಹಾಸಿ, ಮುಖ ಪಕ್ಕಕ್ಕೆ ಇಟ್ಟುಕೊಂಡು, ಕೈಯಿಂದ ನಿಧಾನ ತಿರುಗಿಸಿ. ನೀರು ಉಕ್ಕಿ ಬಂದರೆ ದೋಷ ಸಿಕ್ಕಿತು. ಆ ನೀರು ಯಾವುದು ಅಂತ ಗೊತ್ತಾಗಬೇಕು. ಒಂದು ಸ್ಟೀಲ್ ತಟ್ಟೆ ಮೇಲೆ ನಾಲ್ಕು ಹನಿ ಬಿಟ್ಟು ಬಿಸಿಲಿಗೆ ಇಡಿ. ಒಣಗಿದ ಮೇಲೆ ಬಿಳಿ ಉಪ್ಪಿನ ಗೆರೆ ಉಳಿದರೆ ಸಮುದ್ರದ ನೀರು: ಸೈಲೆನ್ಸರ್ ಕಡೆಯಿಂದ ಹಿಂತಿರುಗಿದೆ, ಇಲ್ಲವೇ ಎಕ್ಸಾಸ್ಟ್ ಮ್ಯಾನಿಫೋಲ್ಡ್ ತೂತಾಗಿದೆ. ಏನೂ ಉಳಿಯದಿದ್ದರೆ ಮಳೆ ನೀರು. ನೆಟ್ಟಗೆ ನಿಂತ ಹೊಗೆ ಪೈಪಿಗೆ ಮುಚ್ಚಿದ್ದ ಡಬ್ಬ ಗಾಳಿಗೆ ಹಾರಿಹೋಗಿರುತ್ತದೆ. ಹಸಿರು ಬಣ್ಣ ಕಂಡರೆ ಕೂಲಂಟ್, ಅಂದರೆ ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ಡೇ ಹೋಗಿದೆ.

ನೀರು ಪೂರ್ತಿ ಹೊರಗೆ ಬಂದ ಮೇಲೆ ಪ್ರತಿ ಸಿಲಿಂಡರ್‌ಗೆ ಸ್ವಲ್ಪ ಆಯಿಲ್ ಬಿಟ್ಟು ತಿರುಗಿಸಿ, ಎಂಜಿನ್ ಆಯಿಲ್ ಬದಲಿಸಿ, ನೀರು ಬಂದ ದಾರಿ ಮುಚ್ಚಿ, ಆಮೇಲೆ ಓಡಿಸಿ. ಅದೇ ದಿನ ಓಡಿಸಬೇಕು. ನಾಳೆ ನೋಡೋಣ ಅಂದರೆ ರಾತ್ರಿಯೇ ತುಕ್ಕು ಶುರುವಾಗುತ್ತದೆ. ಎಂಜಿನ್ ಇಳಿಸುವ ಪ್ರಶ್ನೆ ಇಲ್ಲಿ ಇಲ್ಲ.

ನಾಜಲ್ ವಿಷಯದಲ್ಲಿ ಒಂದು ಎಚ್ಚರಿಕೆ. ಪೈಪಿಗೆ ಸಿಕ್ಕಿಸಿಟ್ಟ ನಾಜಲ್ ಮುಂದೆ ಕೈ ಹಿಡಿದು ಯಾರೂ ಎಂಜಿನ್ ತಿರುಗಿಸಬಾರದು. ಅದರಿಂದ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಸೂಜಿ ಚುಚ್ಚಿದಷ್ಟೇ ಗುರುತು, ನೋವೂ ಮೊದಲು ಕಡಿಮೆ. ಹಾಗೇನಾದರೂ ಆದರೆ ಮನೆಮದ್ದು ಬೇಡ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಮಳೆಗಾಲಕ್ಕೆ ಮುಂಚೆ ಚೆನ್ನಾಗಿತ್ತು, ಈಗ ಪೂರ್ತಿ ಬಿಗಿದಿದೆ

ಎಲ್ಲ ಬಿಡಿಸಿ ನೋಡಿದರೂ ಅಲ್ಲಾಡದ, ಆದರೆ ಮೇ ತಿಂಗಳಲ್ಲಿ ಸದ್ದಿಲ್ಲದೆ ಓಡಿದ ಎಂಜಿನ್ ಇದ್ದರೆ, ಪಿಸ್ಟನ್ ರಿಂಗ್ ಲೈನರಿಗೆ (ಸಿಲಿಂಡರಿನ ಒಳಗೋಡೆ) ತುಕ್ಕಿನಿಂದ ಅಂಟಿಕೊಂಡಿದೆ. ನಮ್ಮ ಕರಾವಳಿಯಲ್ಲಿ ನಿಜವಾದ ಸೀಜ್ ಅಂದರೆ ಬಹುಪಾಲು ಇದು. ನಿಂತ ಎಂಜಿನ್‌ನಲ್ಲಿ ಯಾವುದಾದರೂ ಒಂದು ಸಿಲಿಂಡರಿನ ವಾಲ್ವ್ ತೆರೆದೇ ಇರುತ್ತದೆ. ಆ ದಾರಿಯಲ್ಲಿ ಒದ್ದೆ ಗಾಳಿ ಎರಡು ತಿಂಗಳು ಒಳಗೆ ಹೋಗಿ ಬಂದು ಮಾಡುತ್ತದೆ. ಒಳ್ಳೆ ಸುದ್ದಿ ಏನೆಂದರೆ ತಾಳ್ಮೆ ಇದ್ದರೆ ಇದು ಬೋಟಿನಲ್ಲೇ ಬಿಡುತ್ತದೆ.

ನಾಜಲ್ ತೂತಿನಿಂದ ಒಳಗೆ ನೋಡಬೇಕು. ಮೊಬೈಲಿಗೆ ಸಿಕ್ಕಿಸುವ ವೈರ್ ಕ್ಯಾಮೆರಾ ಯಾರ ಹತ್ತಿರವಾದರೂ ಇದ್ದರೆ ಕೇಳಿ ತನ್ನಿ. ಲೈನರ್ ಮೇಲೆ ಕಂದು ಬಣ್ಣದ ತೆಳು ಪದರ ಇದ್ದರೆ ಪ್ರಯತ್ನಿಸಬಹುದು. ಗುಳಿ ಬಿದ್ದು ಹೊಪ್ಪಳೆ ಎದ್ದಿದ್ದರೆ ಬಿಟ್ಟರೂ ಲೈನರ್ ಬದಲಿಸಬೇಕು.

ಡೀಸೆಲ್ ಅರ್ಧ, ಪವರ್ ಸ್ಟೀರಿಂಗ್‌ಗೆ ಹಾಕುವ ಕೆಂಪು ಆಯಿಲ್ ಅರ್ಧ ಬೆರೆಸಿ ಪ್ರತಿ ಸಿಲಿಂಡರಿಗೆ ಸಣ್ಣ ಚಹಾ ಲೋಟದ ಅರ್ಧದಷ್ಟು ಬಿಡಿ. ಕೆಲವರು ಕೆಂಪು ಆಯಿಲ್‌ಗೆ ಅಸಿಟೋನ್ ಬೆರೆಸುತ್ತಾರೆ. ಬಯಲಿನಲ್ಲಿ ಇಟ್ಟ ಎಂಜಿನ್‌ಗೆ ಅದು ಸರಿ, ಬೋಟಿನ ಹೊಟ್ಟೆಯೊಳಗೆ ಅಸಿಟೋನ್ ಹಬೆ ತುಂಬಿದರೆ ಒಂದು ಕಿಡಿ ಸಾಕು. ಗ್ಯಾಸ್ ಬೆಂಕಿಯಿಂದ ಬ್ಲಾಕ್ ಕಾಯಿಸುವ ಉಪಾಯವೂ ಅಷ್ಟೇ, ಬೇಡ.

ಮೂರು ದಿನ ಬಿಡಿ. ದಿನಕ್ಕೊಮ್ಮೆ ಟಾರ್ಚ್ ಬಿಟ್ಟು ನೋಡಿ. ಯಾವ ಸಿಲಿಂಡರಲ್ಲಿ ಆಯಿಲ್ ಇಳಿಯುತ್ತಿದೆಯೋ ಅದು ಬಿಡುತ್ತಿದೆ, ಯಾವುದರಲ್ಲಿ ಹಾಗೇ ನಿಂತಿದೆಯೋ ಅದೇ ಕಳ್ಳ. ಆಮೇಲೆ ಬಾರ್ ಕೊಟ್ಟು ಮೆತ್ತಗೆ ಒತ್ತಿ, ಬಿಡಿ, ಮತ್ತೆ ಒತ್ತಿ. ಫ್ಲೈವೀಲ್ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಿಡಿ. ಕಣ್ಣಿಗೆ ಗೊತ್ತಾಗದ ಚಲನೆ ಆ ಗೆರೆಯಲ್ಲಿ ಕಾಣುತ್ತದೆ. ಅರ್ಧ ಹಲ್ಲಿನಷ್ಟು ಸರಿದರೆ ಗೆದ್ದಿರಿ. ಆದರೆ ಆ ಖುಷಿಯಲ್ಲಿ ಒಂದೇ ಸಲ ಪೂರ್ತಿ ಸುತ್ತಿಸಲು ಹೋಗಬೇಡಿ, ತುಕ್ಕಿನ ಪುಡಿ ಮೇಲೆ ರಿಂಗ್ ಸಿಕ್ಕಿ ಮುರಿಯುತ್ತದೆ. ಹಿಂದೆ ಮುಂದೆ, ಹಿಂದೆ ಮುಂದೆ. (ಓಡುವ ದಿಕ್ಕಿಗೇ ತಿರುಗಿಸಿ ಅಂದ ಮಾತಿಗೆ ಇದೊಂದು ಹೊರತು. ಅದಕ್ಕೇ ಇಲ್ಲಿ ಪುಲ್ಲಿ ಬೋಲ್ಟ್ ಬೇಡ, ಫ್ಲೈವೀಲ್ ಹಲ್ಲು ಹಿಡಿಯಿರಿ.) ಹತ್ತು ದಿನ ಆದರೂ ಹಂದದಿದ್ದರೆ ಹೆಡ್ ತೆಗೆಯಬೇಕು.

ಬಿಟ್ಟ ಮೇಲೆ ನಾಜಲ್ ಹಾಕುವ ಮುಂಚೆಯೇ ಸೆಲ್ಫ್ ಹೊಡೆದು ಒಳಗಿನ ಆಯಿಲ್ ಎಲ್ಲ ಹೊರಗೆ ಚಿಮ್ಮಿಸಿ. ಇದನ್ನು ಮರೆತರೆ ಎಂಜಿನ್ ಆ ಆಯಿಲನ್ನೇ ಸುಟ್ಟುಕೊಂಡು, ಡೀಸೆಲ್ ಬಂದ್ ಮಾಡಿದರೂ ನಿಲ್ಲದೆ, ಏರುತ್ತಲೇ ಹೋಗಬಹುದು. ಮೊದಲ ಸಲ ಸ್ಟಾರ್ಟ್ ಮಾಡುವಾಗ ಗಾಳಿ ಎಳೆಯುವ ಬಾಯಿಗೆ ಮುಚ್ಚಲು ಒಂದು ಹಲಗೆ ಕೈಯಲ್ಲಿ ಇರಲಿ. ಅಂಗೈ ಇಡಬೇಡಿ, ಬಟ್ಟೆಯೂ ಬೇಡ. ಎರಡನ್ನೂ ಒಳಗೆ ಎಳೆಯುತ್ತದೆ.

ಓಡುತ್ತಿದ್ದಾಗಲೇ ನಿಂತುಬಿಟ್ಟಿತು

ಕಡಲಲ್ಲಿ ಹೀಗಾದರೆ ಮೊದಲ ಕೆಲಸ ಲಂಗರು. ಎಂಜಿನ್ ಆಮೇಲೆ. ಅಘನಾಶಿನಿ, ಗಂಗಾವಳಿ, ಶರಾವತಿಯ ಅಳಿವೆಗಳಲ್ಲಿ ನಿಂತ ಬೋಟನ್ನು ಅಲೆ ಅಡ್ಡ ಮಾಡುವುದಕ್ಕೆ ಜಾಸ್ತಿ ಹೊತ್ತು ಬೇಡ. ಲಂಗರು ಹಿಡಿದ ಮೇಲೆ ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್‌ನಲ್ಲಿ ಕರೆಯಿರಿ, ಇಲ್ಲವೇ ಕೋಸ್ಟ್ ಗಾರ್ಡ್‌ನ 1554ಕ್ಕೆ ಫೋನ್ ಮಾಡಿ.

ದಡಕ್ಕೆ ಬಂದ ಮೇಲೆ ಕೇಳಬೇಕಾದ ಪ್ರಶ್ನೆ: ನಿಲ್ಲುವ ಮುಂಚೆ ಏನಾಯಿತು? ಬಿಸಿ ಏರಿ, ಶಕ್ತಿ ಕುಗ್ಗಿ, ಕಿರುಗುಟ್ಟಿ ನಿಂತಿದ್ದರೆ ತಂಪು ನೀರು ಹೋಗಿಲ್ಲ. ಪ್ಲಾಸ್ಟಿಕ್ ಚೀಲ ನೀರಿನ ಬಾಯಿಗೆ ಅಂಟಿದೆ, ಇಲ್ಲವೇ ಪಂಪಿನ ರಬ್ಬರ್ ಇಂಪೆಲ್ಲರ್ ಹರಿದಿದೆ. ಪಿಸ್ಟನ್ ಹಿಗ್ಗಿ ಲೈನರ್ ಕಚ್ಚಿರುತ್ತದೆ. ತಾನಾಗಿ ಆರಲು ಬಿಡಿ. ಮೇಲೆ ನೀರು ಸುರಿಯಬೇಡಿ, ಬ್ಲಾಕ್ ಸೀಳುತ್ತದೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಮುಖ ಬೇಯುತ್ತದೆ. ಆರಿದ ಮೇಲೆ ಎಂಜಿನ್ ತಿರುಗುವುದೂ ಉಂಟು. ತಿರುಗಿತು ಅಂತ ಮರುದಿನವೇ ಹೊರಡಬೇಡಿ. ಕಂಪ್ರೆಷನ್ ಅಳೆಸಿ. ಇಂಪೆಲ್ಲರ್ ಹರಿದಿದ್ದರೆ ಅದರ ಎಲ್ಲ ರೆಕ್ಕೆ ತುಂಡುಗಳೂ ಲೆಕ್ಕಕ್ಕೆ ಸಿಗಬೇಕು. ಕಾಣೆಯಾದ ತುಂಡು ಮುಂದಿನ ಪೈಪಿನಲ್ಲಿ ಕೂತು ಮತ್ತೆ ನೀರು ತಡೆಯುತ್ತದೆ.

ಬಿಸಿಯಿಲ್ಲದೆ, ಆಯಿಲ್ ಒತ್ತಡ ಬಿದ್ದು, 'ಡಬ್ ಡಬ್' ಬಡಿತ ಕೇಳಿ, ಒಮ್ಮೆಲೇ ನಿಂತಿದ್ದರೆ ಬೇರಿಂಗ್. ಆಯಿಲ್ ಫಿಲ್ಟರ್ ಕತ್ತರಿಸಿ ಒಳಗಿನ ಕಾಗದ ಬಿಡಿಸಿ ನೋಡಿ. ಬೆಳ್ಳಿ, ತಾಮ್ರದ ಬಣ್ಣದ ಹೊಳೆಯುವ ಚೂರುಗಳಿದ್ದರೆ ಸಂಶಯ ಉಳಿಯುವುದಿಲ್ಲ. ಇದಕ್ಕೆ ಯಾವ ಆಯಿಲ್ ನೆನೆಹಾಕಿದರೂ ಉಪಯೋಗವಿಲ್ಲ. ಬಾರ್ ಹಾಕಿ ಬಿಡಿಸಲು ಹೋದರೆ ಕ್ರ್ಯಾಂಕ್ ಇನ್ನಷ್ಟು ಕೆಡುತ್ತದೆ. ಇಲ್ಲಿಗೆ ನಿಲ್ಲಿಸಿ.

ಡಿಪ್‌ಸ್ಟಿಕ್‌ನಲ್ಲಿ ಹಾಲು ಬೆರೆಸಿದ ಚಹಾದಂಥ ಆಯಿಲ್

ಆಯಿಲ್‌ಗೆ ನೀರು ಸೇರಿದೆ. ಬೋಟ್ ಮುಳುಗಿ ಎತ್ತಿದ್ದರಂತೂ ಖಂಡಿತ. ಇಲ್ಲಿ ಎಣಿಕೆ ಗಂಟೆಯಲ್ಲಿ. ಆಯಿಲ್ ತೆಗೆದು, ನಾಜಲ್ ಬಿಚ್ಚಿ ನೀರು ಹೊರಹಾಕಿ, ಅಗ್ಗದ ಆಯಿಲ್‌ಗೆ ಡೀಸೆಲ್ ಬೆರೆಸಿ ತುಂಬಿ ಕೈಯಿಂದ ತಿರುಗಿಸಿ, ಖಾಲಿ ಮಾಡಿ, ಮತ್ತೆ ತುಂಬಿ. ಬಿಳುಪು ಹೋಗುವವರೆಗೆ. ಮೇಸ್ತ್ರಿ ನಾಳೆ ಬರುತ್ತಾರೆ ಅಂದರೂ ಈ ಕೆಲಸ ಇವತ್ತೇ ಮಾಡಿ. ಉಪ್ಪು ನೀರಲ್ಲಿ ನೆನೆದ ಎಂಜಿನ್ ಗಾಳಿಗೆ ಒಣಗಿತು ಅಂದರೆ ಮುಗಿಯಿತು.

ಔಟ್‌ಬೋರ್ಡ್ ಆದರೆ

ನಾಡದೋಣಿಗೆ ಹಾಕುವ 8-10 ಅಶ್ವಶಕ್ತಿಯ ಔಟ್‌ಬೋರ್ಡ್ ಇಬ್ಬರು ಎತ್ತುವ ತೂಕ. ಇಳಿಸಬೇಕಾ ಅಂತ ಯೋಚಿಸುವ ಅಗತ್ಯವೇ ಇಲ್ಲ. ನ್ಯೂಟ್ರಲ್ ನೋಡಿ, ಮೇಲಿನ ಹಗ್ಗದ ಸ್ಟಾರ್ಟರ್ ಬಿಚ್ಚಿ, ಫ್ಲೈವೀಲ್ ಕೈಯಿಂದ ತಿರುಗಿಸಿ. ಎಷ್ಟೋ ಸಲ ಸಿಕ್ಕಿಕೊಂಡಿರುವುದು ಹಗ್ಗದ ಸುರುಳಿ ಮಾತ್ರ. 10 ಅಶ್ವಶಕ್ತಿಯವರೆಗಿನ ದೋಣಿಗಳು ನಿಷೇಧದ ಅವಧಿಯಲ್ಲೂ ಓಡುವುದರಿಂದ ನಿಂತು ತುಕ್ಕು ಹಿಡಿಯುವುದಕ್ಕಿಂತ ಅಲೆಗೆ ಮಗುಚಿ ನೀರು ಕುಡಿಯುವುದೇ ಹೆಚ್ಚು. ಹಾಗಾದಾಗ ಸಿಹಿನೀರಲ್ಲಿ ತೊಳೆದು, ಪ್ಲಗ್ ತೆಗೆದು ನೀರು ಬಸಿದು, ಆಯಿಲ್ ಬಿಟ್ಟು ಅವತ್ತೇ ಓಡಿಸಿ. ಅವತ್ತೇ ಆಗುವುದಿಲ್ಲ ಅಂದರೆ ಸಿಹಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿಯೇ ಇಡಿ. ವಿಚಿತ್ರ ಅನಿಸುತ್ತದೆ, ಆದರೆ ತುಕ್ಕಿಗೆ ಗಾಳಿ ಬೇಕಲ್ವಾ?

ಇಳಿಸಲೇಬೇಕು ಅಂತಾಯಿತು. ನೀವೇ ಇಳಿಸುತ್ತೀರಾ?

ನಾನು ಈಗ ಇಟ್ಟುಕೊಂಡಿರುವ ಲೆಕ್ಕ ಇದು. ಹೆಡ್, ವಾಲ್ವ್, ನಾಜಲ್, ಕೆಲವು ಎಂಜಿನ್‌ಗಳಲ್ಲಿ ಲೈನರ್ ಕೂಡ, ಮೇಲಿನಿಂದ ಆಗುವ ಕೆಲಸ. ಅದಕ್ಕೆ ಎಂಜಿನ್ ಕದಲಿಸಬೇಕಾಗಿಲ್ಲ. ಕ್ರ್ಯಾಂಕ್, ಬೇರಿಂಗ್ ಕೆಳಗಿನ ಕೆಲಸ. ಎಂಜಿನ್ ಕೂತ ಮರದ ತೊಲೆಗಳ ನಡುವೆ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಬಿಚ್ಚಲು ಜಾಗವೇ ಇರುವುದಿಲ್ಲ, ಹಾಗಾಗಿ ಹೊರಗೆ ಬರಲೇಬೇಕು. ಹೇಗೂ ಕ್ರ್ಯಾಂಕ್ ಗ್ರೈಂಡಿಂಗ್‌ಗೆ ಅರಬೈಲ್ ಘಟ್ಟ ಹತ್ತಿಸಿ ಹುಬ್ಬಳ್ಳಿಗೋ, ಇಲ್ಲಾ ಮಂಗಳೂರಿಗೋ ಒಯ್ಯಬೇಕು.

ಒಂದು-ಎರಡು ಸಿಲಿಂಡರಿನ ಎಂಜಿನ್, ಬೋಟ್ ದಡದ ಮೇಲೆ, ಮೇಲೆ ಗಟ್ಟಿ ಚೌಕಟ್ಟು, ಒಂದು ಟನ್ನಿನ ಚೈನ್ ಪುಲ್ಲಿ, ಹಿಂದೆ ಇಂಥ ಕೆಲಸ ಮಾಡಿದ ಒಬ್ಬರು ಜೊತೆಗೆ: ಇಷ್ಟಿದ್ದರೆ ಮಾಡಿ. ಟ್ರಾಲ್ ಬೋಟಿನ ಆರು ಸಿಲಿಂಡರ್ ಎಂಜಿನ್ ಗೇರ್‌ಬಾಕ್ಸ್ ಸೇರಿ ಅರ್ಧ ಟನ್ ದಾಟುತ್ತದೆ. ಅದಕ್ಕೆ ಕಾರವಾರದ ಬೈತಖೋಲ್ ಧಕ್ಕೆಯಲ್ಲೋ ಹೊನ್ನಾವರದಲ್ಲೋ ಕ್ರೇನ್ ಹಿಡಿಯಿರಿ, ಬಾಡಿಗೆಗೆ ಚೌಕಾಸಿ ಮಾಡಿ ಬೇಕಾದರೆ. ಬೋಟಿನ ಛಾವಣಿ ತೊಲೆಗೆ, ಬಿದಿರಿಗೆ ಪುಲ್ಲಿ ಕಟ್ಟಬೇಡಿ. ತೂಗುತ್ತಿರುವ ಎಂಜಿನ್ ಅಡಿಗೆ ಕೈ ಕೂಡ ಹೋಗಬಾರದು.

ನೀರಲ್ಲಿ ತೇಲುತ್ತಿರುವ ಬೋಟಿನಲ್ಲಿ ಎರಡು ವಿಷಯ ತಪ್ಪಿದರೆ ಬೋಟೇ ಹೋಗುತ್ತದೆ. ಹೋಸ್ ಬಿಚ್ಚುವ ಮೊದಲು ಸಮುದ್ರದ ನೀರಿನ ವಾಲ್ವ್ ಮುಚ್ಚಬೇಕು. ಮತ್ತೆ, ಕಪ್ಲಿಂಗ್ ಬಿಟ್ಟ ಶಾಫ್ಟ್ ಹಿಂದಕ್ಕೆ ಜಾರಿ ಹೊರಗೆ ಹೋದರೆ ಆ ತೂತಿನಿಂದ ನೀರು ಬಕೆಟ್‌ಗಟ್ಟಲೆ ನುಗ್ಗುತ್ತದೆ. ಕಪ್ಲಿಂಗ್ ಬೋಲ್ಟ್ ತೆಗೆಯುವ ಮೊದಲೇ ಗ್ಲ್ಯಾಂಡಿಗಿಂತ (ಶಾಫ್ಟ್ ಹೊರಹೋಗುವ ತೂತಿನಲ್ಲಿ ನೀರು ತಡೆಯುವ ಭಾಗ) ಈಚೆ, ಬೋಟಿನ ಒಳಬದಿಯಲ್ಲಿ ಶಾಫ್ಟಿಗೆ ಒಂದು ಕ್ಲ್ಯಾಂಪ್ ಬಿಗಿದು, ಹಗ್ಗದಿಂದ ಮುಂದಕ್ಕೆ ಕಟ್ಟಿಡಿ.

ತೆಗೆಯುವಾಗ ಪ್ರತಿ ಕಾಲಡಿಯ ತಗಡುಗಳನ್ನು ಬೇರೆ ಬೇರೆ ಕಟ್ಟಿ, ಎಡ-ಬಲ, ಹಿಂದೆ-ಮುಂದೆ ಅಂತ ಪೇಂಟಿನಲ್ಲಿ ಬರೆಯಿರಿ. ಮೇಸ್ತ್ರಿ ನನ್ನ ಡಬ್ಬ ನೋಡಿ ನಗಲಿಲ್ಲ, ತಲೆ ಕೆರೆದುಕೊಂಡರು. ನಾಲ್ಕು ಇಂಚು ಅಗಲದ ಕಪ್ಲಿಂಗ್ ಮುಖಗಳ ನಡುವೆ ಸುತ್ತಲೂ ಫೀಲರ್ ಗೇಜ್ ಹಾಕಿದರೆ 0.1 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬರಬಾರದು. ಜಾಸ್ತಿ ಬಂದರೆ ಬೋಟ್ ನಡುಗುತ್ತದೆ, ಗ್ಲ್ಯಾಂಡ್ ಸವೆಯುತ್ತದೆ, ಗೇರ್‌ಬಾಕ್ಸ್ ಬೇರಿಂಗ್ ಹೋಗುತ್ತದೆ. ದಡದ ಮೇಲೆ ಸರಿ ಮಾಡಿದ ಸಾಲು ನೀರಿಗಿಳಿದ ಮೇಲೆ ತಪ್ಪುತ್ತದೆ, ಏಕೆಂದರೆ ಬೋಟಿನ ಮೈ ನೀರಲ್ಲಿ ಬೇರೆ ಥರ ಬಾಗುತ್ತದೆ. ಹಾಗಾಗಿ ನೀರಿಗಿಳಿಸಿ ಒಂದು ದಿನ ಬಿಟ್ಟು ಕಪ್ಲಿಂಗ್ ಮತ್ತೆ ಅಳೆದು, ಆಮೇಲೆ ಬೋಲ್ಟ್ ಪೂರ್ತಿ ಬಿಗಿಯಿರಿ. ಹಗ್ಗ ತುಂಬಿ ಬಿಗಿಯುವ ಗ್ಲ್ಯಾಂಡ್ ಆದರೆ, ಓಡುವಾಗ ನಿಮಿಷಕ್ಕೆ ನಾಲ್ಕೈದು ಹನಿ ತೊಟ್ಟಿಕ್ಕುತ್ತಿರಬೇಕು. ಒಂದು ತಾಸು ಓಡಿಸಿ ಅದರ ಮೇಲೆ ಕೈ ಇಟ್ಟು ನೋಡಿ. ಕೈ ಸುಡುವಂತಿದ್ದರೆ ಒಂದೋ ಗ್ಲ್ಯಾಂಡ್ ಬಿಗಿ ಜಾಸ್ತಿಯಾಗಿದೆ, ಇಲ್ಲವೇ ಸಾಲು ಸರಿಯಿಲ್ಲ, ಎಂಜಿನ್ ಕಾಲಡಿಗೆ ತಗಡು ಇನ್ನೊಂದು ಬೇಕು.